ಕೈಮೇಲಿನ ಮುದ್ರೆ



ಅತಿಥಿ ದೇವರಿಗೆ ಸಮಾನನೆಂದು ತರಗತಿಯಲ್ಲಿ ವರ್ಷವರ್ಷವೂ ಬೋಧಿಸಿದವನು ನಾನು. 2020ರಲ್ಲಿ ಆ ಪಾಠದ ಪರೀಕ್ಷೆಗೆ ನಾನೇ ಕುಳಿತು ಅನುತ್ತೀರ್ಣನಾದೆ.

ಪ್ರಯಾಣಿಕರನ್ನು ಕಂಡು ಊರು ಹೆದರುವುದು ಹೊಸತಲ್ಲ. 1896ರಲ್ಲಿ ಬಂದರು ನಗರವಾದ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ರೈಲುಮಾರ್ಗವಾಗಿ ಬೆಂಗಳೂರನ್ನು ಮುಟ್ಟಿತು. ಅಂದು ರೈಲಿನಲ್ಲಿ ಬಂದವರನ್ನು ತಪಾಸಣೆ ಮಾಡಿ, ಶಂಕಿತರನ್ನು ಊರಾಚೆಯ ಶಿಬಿರಗಳಲ್ಲಿರಿಸುತ್ತಿದ್ದರು. ಆ ಪ್ಲೇಗಿನ ಕಾರಣ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೇ 2020ರಲ್ಲಿಯೂ ಬಳಕೆಗೆ ಬಂದಿತು.

ಆ ವರ್ಷದ ಮಾರ್ಚ್ 10ರಂದು, ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಕೊರೋನಾದಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಅದು. ಬಳಿಕ ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಿ, 14 ದಿನ ಮನೆಯಲ್ಲಿಯೇ ಇರಬೇಕೆಂದು ವಿಧಿಸಿದರು. ಮುದ್ರೆಗೆ ಮತದಾನದ ಶಾಯಿಯನ್ನು ಬಳಸಲು ಚುನಾವಣಾ ಆಯೋಗವೂ ಒಪ್ಪಿತು. ಹೆಮ್ಮೆಯಿಂದ ತೋರಿಸುತ್ತಿದ್ದ ಶಾಯಿಯ ಗುರುತನ್ನು ಜನ ಮುಚ್ಚಿಕೊಳ್ಳುವಂತಾಯಿತು.

ನಮ್ಮ ಅಂಜನಾಪುರದ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ವಿದೇಶದಿಂದ ಮರಳಿ, 14 ದಿನಗಳನ್ನು ನಿಯಮದಂತೆ ಕಳೆದು, ಮುದ್ರೆ ಮಾಸಿದ ಮೇಲೆ ನನ್ನನ್ನು ಕಾಣಲು ಬಂದ. ನಾನು ಬಾಗಿಲು ತೆರೆಯದೆ ಕಿಟಕಿಯಿಂದಲೇ ಮಾತನಾಡಿಸಿದೆ. "ಪರವಾಗಿಲ್ಲ ಸರ್" ಎಂದು ಜಗುಲಿಯಿಂದಲೇ ಕೈಮುಗಿದು ಹೊರಟುಹೋದ.

ಅಂತರ ಕಾಯುವುದು ಆಗ ಎಲ್ಲರ ಕರ್ತವ್ಯವಾಗಿತ್ತು, ನಿಜ. ಆದರೆ ಅದೇ ದಿನ ಪಕ್ಕದ ಮನೆಯವರನ್ನು ಒಳಗೆ ಕರೆದು ಕೂರಿಸಿದ್ದೆ. ನಿಯಮಕ್ಕೆ 14 ದಿನಗಳ ಮಿತಿಯಿತ್ತು. ನನ್ನ ಶಂಕೆಗೆ ಮಿತಿಯಿರಲಿಲ್ಲ.

ಆತ ಇದನ್ನು ಓದುತ್ತಿದ್ದರೆ, ಮುಂದಿನ ಸಲ ಊರಿಗೆ ಬಂದಾಗ ಒಳಗೆ ಬಂದು ಕಾಫಿ ಕುಡಿದು ಹೋಗಲಿ.