ಹಕ್ಕಿಜ್ವರ: ಕೋಳಿಗಳ ಲೆಕ್ಕ ಸಿಕ್ಕಿತು, ಕೈಗಳ ಲೆಕ್ಕ?

ಹಕ್ಕಿಜ್ವರ ಅಂದ ಕೂಡಲೇ ನಮಗೆ ನೆನಪಾಗುವುದು ಸಂಖ್ಯೆಗಳು. ಇಷ್ಟು ಸಾವಿರ ಕೋಳಿ ಸತ್ತವು, ಇಷ್ಟು ಲಕ್ಷ ಕೊಂದರು, ಚಿಕನ್ ರೇಟು ಇಷ್ಟಕ್ಕೆ ಬಿತ್ತು... ಆ ಕೋಳಿಗಳನ್ನು ಹಿಡಿದ ಕೈಗಳ ಕಥೆ ಏನು? ಓದಿ ತಿಳಿದದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಶುರು ಹಾಂಗ್‌ಕಾಂಗ್‌ನಿಂದ. 1997ರಲ್ಲಿ ಅಲ್ಲಿ ಎಚ್5ಎನ್1 ವೈರಸ್ 18 ಜನಕ್ಕೆ ತಗುಲಿತು, 6 ಜನ ಸತ್ತರು. ವರ್ಷದ ಕೊನೆಗೆ ಸರ್ಕಾರ ಅಲ್ಲಿದ್ದ ಕೋಳಿಗಳನ್ನೆಲ್ಲ, 13 ಲಕ್ಷಕ್ಕೂ ಹೆಚ್ಚು, ಕೊಲ್ಲಿಸಿತು. ಆಮೇಲೆ ಒಂದು ಒಳ್ಳೆಯ ಕೆಲಸವಾಯಿತು. ಕೋಳಿ ಮುಟ್ಟಿದವರ ರಕ್ತ ಪರೀಕ್ಷೆ ಮಾಡಿದರು. ಕೊಲ್ಲಲು ಹೋಗಿದ್ದ ಸರ್ಕಾರಿ ನೌಕರರಲ್ಲಿ ನೂರಕ್ಕೆ ಸುಮಾರು 3 ಜನರಲ್ಲಿ ಸೋಂಕಿನ ಗುರುತು ಸಿಕ್ಕಿತು. ಕೋಳಿ ವ್ಯಾಪಾರದಲ್ಲಿ ದಿನಾ ದುಡಿಯುವವರಲ್ಲಿ ನೂರಕ್ಕೆ ಸುಮಾರು 10! ಈ ಎರಡು ಅಂಕಿಗಳನ್ನು ದಯವಿಟ್ಟು ನೆನಪಿಡಿ.

2003ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಎಚ್7ಎನ್7 ಬಂದಾಗ 89 ಜನಕ್ಕೆ ತಗುಲಿತು. ಹೆಚ್ಚಿನವರಿಗೆ ಬರೀ ಕಣ್ಣು ಕೆಂಪಾಯಿತು, ಆದರೆ ಒಬ್ಬ ಪಶುವೈದ್ಯರು ತೀರಿಹೋದರು. ಬಾಯಿ ಮೂಗು ಮುಚ್ಚಿದರೆ ಸಾಲದು, ಕಣ್ಣಿಗೂ ಕನ್ನಡಕ ಬೇಕು ಎಂಬ ಪಾಠ ಬಂದದ್ದು ಹೀಗೆ.

ಭಾರತಕ್ಕೆ ಬಂದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರಕ್ಕೆ. ಮೈತುಂಬ ಬಿಳಿ ಅಂಗಿ ತೊಟ್ಟು ಕೋಳಿ ಹಿಡಿಯುವವರ ಫೋಟೋ ನಿಮಗೂ ನೆನಪಿರಬಹುದು. ಅಲ್ಲಿ ಯಾರಿಗೂ ಸೋಂಕು ತಗುಲಲಿಲ್ಲ, ಪುಣ್ಯ. ನಮ್ಮ ರಾಜ್ಯದಲ್ಲಿ 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಲ್ಲಿ ಟರ್ಕಿಗಳು ಸಾಯತೊಡಗಿದವು. ಭೋಪಾಲಿನ ಪ್ರಯೋಗಾಲಯ ಎಚ್5ಎನ್1 ಅಂತ ಹೇಳಿತು. ಸಾವಿರಾರು ಪಕ್ಷಿಗಳನ್ನು ಕೊಂದು ಹೂಳಿದರು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲು, ಹರಿಹರ ತಾಲೂಕಿನ ಬನ್ನಿಕೋಡು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ.

ಪ್ರತಿ ಸಲವೂ ಕ್ರಮ ಒಂದೇ. ಕೊಲ್ಲಲು ಬಂದ ತಂಡಕ್ಕೆ ಮಾಸ್ಕು, ಗ್ಲೌಸು, ಬೂಟು, ಟ್ಯಾಮಿಫ್ಲೂ ಮಾತ್ರೆ, ಕೆಲವು ದಿನ ಆರೋಗ್ಯದ ಮೇಲೆ ನಿಗಾ. ಕೋಳಿಯ ಮಾಲೀಕನಿಗೆ ಪರಿಹಾರ. ಎರಡೂ ಸರಿಯೇ. ಆದರೆ ರೋಗ ಪತ್ತೆಯಾಗುವ ಮೊದಲೇ ಆ ಕೋಳಿಗಳಿಗೆ ಮೇವು ಹಾಕಿದವನು, ಹಿಕ್ಕೆ ಬಾಚಿದವನು, ಸತ್ತದ್ದನ್ನು ಎತ್ತಿ ಎಸೆದವನು? ಅವನಿಗೆ ಬಿಳಿ ಅಂಗಿ ಬಂದಿರುವುದಿಲ್ಲ. ಪರಿಹಾರವೂ ಕೋಳಿಯ ಲೆಕ್ಕದಲ್ಲಿ ಬರುತ್ತದೆಯೇ ಹೊರತು ಕಳೆದುಹೋದ ಕೂಲಿಯ ಲೆಕ್ಕದಲ್ಲಲ್ಲ.

ನಮ್ಮ ಆಳಂದಕ್ಕೆ ಇದು ದೂರದ ಮಾತಲ್ಲ. ಹಿರೋಳಿ ದಾಟಿದರೆ ಮಹಾರಾಷ್ಟ್ರ. ಆಚೆ ರೋಗ ಬಂತೆಂದರೆ ಗಡಿಯಲ್ಲಿ ಕೋಳಿ ಗಾಡಿ ತಡೆಯುತ್ತಾರೆ. ಗಾಡಿಯಲ್ಲಿರುವ ಹುಡುಗರ ಬಗ್ಗೆ ಯಾರೂ ಕೇಳುವುದಿಲ್ಲ. ರಾತ್ರಿ ಫಾರಂನಲ್ಲಿ ಕಾಲು ಹಿಡಿದು ನಾಲ್ಕೈದು ಕೋಳಿ ಒಟ್ಟಿಗೆ ಎತ್ತುವವರು, ಅಂಗಡಿಯಲ್ಲಿ ಕೊಯ್ದು ಪುಕ್ಕ ತೆಗೆಯುವವರು, ಇವರದೆಲ್ಲ ಬರಿಗೈ. ವೈರಸ್ ಇರುವುದು ಹಿಕ್ಕೆ, ಜೊಲ್ಲು, ರಕ್ತ, ಪುಕ್ಕದ ಧೂಳಿನಲ್ಲಿ. ಚೆನ್ನಾಗಿ ಬೇಯಿಸಿ ತಿನ್ನುವ ನಮಗೆ ಭಯವಿಲ್ಲ. ನಾವು ಹೆದರಿ ಚಿಕನ್ ಬಿಟ್ಟಾಗ ಮೊದಲು ಕೆಲಸ ಹೋಗುವುದೂ ಇವರದೇ!

"ಈ ಬಿಸಿಲಾಗ ಅದೆಲ್ಲಾ ಹಾಕ್ಕೊಂಡು ಕೆಲಸ ಆಗ್ತದೇನ್ರಿ?" ಅಂತ ಯಾರಾದರೂ ಕೇಳಿದರೆ ತಪ್ಪೇನಿಲ್ಲ. 2024ರ ಜುಲೈನಲ್ಲಿ ಅಮೆರಿಕದ ಕೊಲರಾಡೊದಲ್ಲಿ ಸೆಕೆ 40 ಡಿಗ್ರಿ ದಾಟಿತ್ತು. ಕೋಳಿ ಕೊಲ್ಲುತ್ತಿದ್ದವರಿಗೆ ಮಾಸ್ಕು, ಕನ್ನಡಕ ಸರಿಯಾಗಿ ಹಾಕಿಕೊಂಡಿರಲು ಆಗಲಿಲ್ಲ. ಹಲವರಿಗೆ ಸೋಂಕು ತಗುಲಿತು. ಅಲ್ಲೇ ಹಾಗಾದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ?

ಹಾಗಾಗಿ ದಿನನಿತ್ಯಕ್ಕೆ ಆಗುವಂಥದ್ದು ಬೇಕು. ಗ್ಲೌಸು, ಮಾಸ್ಕು, ಗಾಳಿ ಆಡುವ ಜಾಗ, ಕೈತೊಳೆಯಲು ನೀರು ಸಾಬೂನು, ಮನೆಗೆ ಹೋಗುವ ಮುಂಚೆ ಬದಲಿಸಲು ಬೇರೆ ಬಟ್ಟೆ. ವರ್ಷಕ್ಕೊಮ್ಮೆ ಮಾಮೂಲಿ ಫ್ಲೂ ಲಸಿಕೆ. ಅದು ಹಕ್ಕಿಜ್ವರ ತಡೆಯುವುದಿಲ್ಲ, ಆದರೆ ಎರಡು ವೈರಸ್ ಒಂದೇ ದೇಹದಲ್ಲಿ ಸೇರಿ ಹೊಸದೊಂದು ಹುಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ. ಜ್ವರ ಬಂದರೆ, ಕಣ್ಣು ಕೆಂಪಾದರೆ "ನಾನು ಕೋಳಿ ಕೆಲಸದವ" ಅಂತ ಡಾಕ್ಟರಿಗೆ ಹೇಳುವುದು.

ಹಾಂಗ್‌ಕಾಂಗ್‌ನ ಆ 3 ಮತ್ತು 10 ಹೇಳುವುದು ಇಷ್ಟೇ: ರೋಗ ಬಂದ ದಿನ ಮಾತ್ರ ಕಾಪಾಡಿದರೆ ಸಾಲದು, ದಿನಾ ಮುಟ್ಟುವವರನ್ನು ದಿನಾ ಕಾಪಾಡಬೇಕು. ಮುಂದಿನ ಸಲ ಕೋಳಿ ಅಂಗಡಿಗೆ ಹೋದಾಗ ತೂಕದ ಜೊತೆ ಆ ಕೈಗಳನ್ನೂ ಸ್ವಲ್ಪ ನೋಡಿ. ನಿಮ್ಮೂರಿನಲ್ಲಿ ಹೇಗಿದೆ, ಬರೆಯಿರಿ.