ಹಾಜರಿ ಹೇಳಲಾಗದ ಹುಡುಗ: ಶಾಲೆಗೆ ವಾಕ್ ಚಿಕಿತ್ಸೆ ಬಂದ ಕಥೆ

ಮೇಷ್ಟ್ರು ಹಾಜರಿ ಕರೆಯುತ್ತಿದ್ದಾರೆ. ತನ್ನ ನಂಬರು ಹತ್ತಿರವಾದಂತೆಲ್ಲ ಹಿಂದಿನ ಬೆಂಚಿನ ಹುಡುಗನೊಬ್ಬನ ಎದೆ ಡವಗುಟ್ಟತೊಡಗುತ್ತದೆ. ಅವನು ಹೇಳಬೇಕಾದದ್ದು ‘ಪ್ರೆಸೆಂಟ್ ಸಾರ್’ ಎಂಬ ಎರಡೇ ಪದ. ಆದರೆ ‘ಪ’ ಅಕ್ಷರಕ್ಕೆಂದು ಕೂಡಿದ ತುಟಿಗಳು ಬಿಡಿಸಿಕೊಳ್ಳುವುದೇ ಇಲ್ಲ. ಯಾರೋ ಕಿಸಕ್ಕನೆ ನಗುತ್ತಾರೆ. ಮೇಷ್ಟ್ರು ಮುಂದಿನ ನಂಬರಿಗೆ ಹೋಗಿಬಿಡುತ್ತಾರೆ. ಶಾಲೆಯಲ್ಲೇ ಕುಳಿತಿದ್ದರೂ ಪುಸ್ತಕದಲ್ಲಿ ಅವನು ಗೈರುಹಾಜರು!

ಇಂಥ ಗೆಳೆಯರನ್ನು ನೀವೂ ಕಂಡಿರಬಹುದು. ಕೆಲವರು ಉಗ್ಗುತ್ತಾರೆ. ಕೆಲವರ ಬಾಯಲ್ಲಿ ‘ರಾಮ’ ‘ಲಾಮ’ನಾಗುತ್ತಾನೆ. ಕೆಲವರಿಗೆ ಕಿವಿ ಸರಿಯಾಗಿ ಕೇಳಿಸದೆ ಮಾತು ಹಿಂದುಳಿದಿರುತ್ತದೆ. ಇವರಿಗೆ ನೆರವಾಗುವವರೇ ವಾಕ್ ಚಿಕಿತ್ಸಕರು. ಆಸ್ಪತ್ರೆಯಲ್ಲಿ ವೈದ್ಯರಿರುವುದು ನಮಗೆ ಗೊತ್ತು. ಆದರೆ ಶಾಲೆಯಲ್ಲಿ ಮಾತಿನ ಚಿಕಿತ್ಸಕರು ಇರಬೇಕು ಎಂಬ ಯೋಚನೆ ಬಂದದ್ದು ಎಲ್ಲಿಂದ? ಅದರ ಹಿಂದೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಜಾಣತನದಷ್ಟೇ ತಪ್ಪುಗಳೂ ಇವೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ತಿದ್ದಿಕೊಂಡನೆಂದು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ಮನೆಗಳಲ್ಲಿ ಅಜ್ಜಿಯರು ಮಗುವಿಗೆ ಮಾತು ಚೆನ್ನಾಗಿ ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಇವೆಲ್ಲ ಹಳೆಯ ನಂಬಿಕೆಗಳೆನ್ನೋಣ. ಆದರೆ 1841ರಲ್ಲಿ ಬರ್ಲಿನ್‌ನ ಹೆಸರಾಂತ ಶಸ್ತ್ರವೈದ್ಯ ಡೀಫೆನ್‌ಬಾಖ್ ಉಗ್ಗುವವರ ನಾಲಿಗೆಯ ಬುಡವನ್ನೇ ಕೊಯ್ದು ತೆಗೆಯತೊಡಗಿದ. ಈಥರ್ ಅರಿವಳಿಕೆಯಾಗಿ ಬಳಕೆಗೆ ಬಂದದ್ದು 1846ರಲ್ಲಿ. ಆ ರೋಗಿಗಳ ನೋವನ್ನು ನೀವೇ ಊಹಿಸಿಕೊಳ್ಳಿ.

ಇವರೆಲ್ಲರೂ ದೋಷವನ್ನು ಹುಡುಕಿದ್ದು ನಾಲಿಗೆಯಲ್ಲಿ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಬೇರೊಂದು ದಾರಿ ತೋರಿದ. ಅವನ ರೋಗಿಯೊಬ್ಬ ಇತರರು ಆಡಿದ ಮಾತನ್ನು ಅರ್ಥಮಾಡಿಕೊಳ್ಳುತ್ತಿದ್ದ, ಆದರೆ ಅವನ ಬಾಯಿಂದ ಹೊರಡುತ್ತಿದ್ದದ್ದು ಹೆಚ್ಚುಕಡಿಮೆ ‘ತಾನ್’ ಎಂಬ ಒಂದೇ ಶಬ್ದ. ಆತ ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಮಿದುಳಿನ ಎಡಭಾಗದ ಮುಂದಿನ ಹಾಲೆಯಲ್ಲಿ ಹಾನಿ ಕಂಡಿತು. ಉಸಿರು, ಧ್ವನಿಪೆಟ್ಟಿಗೆ, ನಾಲಿಗೆ, ತುಟಿ ಇವೆಲ್ಲ ವಾದ್ಯಗಳಾದರೆ, ಅವನ್ನು ನುಡಿಸುವ ಕೈ ಮಿದುಳಿನಲ್ಲಿದೆ ಎಂಬುದು ವಿಜ್ಞಾನಕ್ಕೆ ಮನದಟ್ಟಾಯಿತು.

ಶಾಲೆಯ ಕಥೆ ಶುರುವಾಗುವುದು ಅಮೆರಿಕದ ಷಿಕಾಗೋ ನಗರದಲ್ಲಿ. ಶಿಕ್ಷಣ ಕಡ್ಡಾಯವಾದಂತೆ ಎಲ್ಲ ಬಗೆಯ ಮಕ್ಕಳೂ ಒಂದೇ ತರಗತಿಗೆ ಬಂದರು. ಮನೆಯೊಳಗೆ ಮರೆಯಾಗಿದ್ದ ತೊಂದರೆ ಪಾಠ ಒಪ್ಪಿಸುವಾಗ ಬಯಲಾಯಿತು. 1910ರಲ್ಲಿ ಆ ನಗರದ ಸಾರ್ವಜನಿಕ ಶಾಲೆಗಳು 10 ಮಂದಿ ‘ಮಾತು ತಿದ್ದುವ ಶಿಕ್ಷಕ’ರನ್ನು ನೇಮಿಸಿಕೊಂಡವು. ಆಗ ಅಲ್ಲಿನ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವರು ಎಲ್ಲಾ ಫ್ಲಾಗ್ ಯಂಗ್ ಎಂಬ ಮಹಿಳೆ. ಇವರು ನೇಮಿಸಿದ್ದು ವೈದ್ಯರನ್ನಲ್ಲ, ಶಿಕ್ಷಕರನ್ನು ಎಂಬುದನ್ನು ಗಮನಿಸಿ. ಮಾತಿನ ತೊಂದರೆ ಕಲಿಕೆಯ ಪ್ರಶ್ನೆಯೂ ಹೌದು ಎಂದು ಒಪ್ಪಿಕೊಂಡಂತಾಯಿತು. 1925ರಲ್ಲಿ ಅಮೆರಿಕದ ತಜ್ಞರು ತಮ್ಮದೇ ಸಂಘವನ್ನು ಕಟ್ಟಿಕೊಂಡರು.

ಇತ್ತ ಬ್ರಿಟನ್ನಿನಲ್ಲಿ ಆಸ್ಟ್ರೇಲಿಯದಿಂದ ಬಂದ ಲಯೊನೆಲ್ ಲಾಗ್ 1926ರಿಂದ ಯಾರ್ಕ್‌ನ ಡ್ಯೂಕ್‌ಗೆ ಚಿಕಿತ್ಸೆ ನೀಡತೊಡಗಿದರು. ಅವರೇ ಮುಂದೆ ಆರನೆಯ ಜಾರ್ಜ್ ದೊರೆಯಾದರು. 2010ರ ಚಲನಚಿತ್ರವೊಂದರಿಂದ ಈ ಕಥೆ ಮನೆಮಾತಾಗಿದೆ. ದೊರೆಗೆ ಸಿಕ್ಕ ನೆರವು ಬಡವರ ಮಗುವಿಗೂ ಸಿಗಬೇಕಾದರೆ ಅದು ಶಾಲೆಯಲ್ಲೇ ಇರಬೇಕಲ್ಲವೆ?

ಈ ವಿದ್ಯೆಯ ದೊಡ್ಡ ಕೇಂದ್ರವಾಗಿ ಬೆಳೆದದ್ದು ಅಯೋವಾ ವಿಶ್ವವಿದ್ಯಾನಿಲಯ. ಅಲ್ಲಿದ್ದ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು. ‘ಉಗ್ಗುವವನು’ ಎಂಬ ಹಣೆಪಟ್ಟಿಯೇ ಮಗುವನ್ನು ಉಗ್ಗುವಂತೆ ಮಾಡುತ್ತದೆ ಎಂಬುದು ಅವರ ವಾದ. ಇದನ್ನು ಪರೀಕ್ಷಿಸಲು 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಮೇರಿ ಟ್ಯೂಡರ್, ಡಾವೆನ್‌ಪೋರ್ಟ್ ಎಂಬ ಊರಿನ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಸರಿಯಾಗಿಯೇ ಮಾತಾಡುತ್ತಿದ್ದ 6 ಮಕ್ಕಳಿಗೆ, ನಿಮ್ಮ ಮಾತಿನಲ್ಲಿ ದೋಷವಿದೆ, ತಪ್ಪಿಲ್ಲದೆ ಆಡಲಾಗದಿದ್ದರೆ ಬಾಯಿ ತೆರೆಯಬೇಡಿ ಎಂಬರ್ಥದ ಮಾತುಗಳನ್ನು ತಿಂಗಳುಗಟ್ಟಲೆ ಹೇಳಲಾಯಿತು.

ಆ ಮಕ್ಕಳು ನಿಜವಾಗಿ ಉಗ್ಗುವವರಾದರೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಅವರು ಮುದುಡಿಹೋದರು, ಮಾತಾಡಲು ಹಿಂಜರಿದರು ಎಂಬುದು ಪ್ರಬಂಧದಲ್ಲೇ ದಾಖಲಾಗಿದೆ. ಕೇಳುವವರಿಲ್ಲದ ಮಕ್ಕಳು ಅವರು. ಪ್ರಬಂಧ ಪ್ರಕಟವಾಗದೆ ಗ್ರಂಥಾಲಯದ ಕಪಾಟಿನಲ್ಲಿ ಉಳಿಯಿತು. 2001ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ ವಿಶ್ವವಿದ್ಯಾನಿಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು. ಅಷ್ಟರಲ್ಲಿ ಆ ಮಕ್ಕಳು ಮುಪ್ಪಿಗೆ ಸಂದಿದ್ದರು, ಕೆಲವರು ತೀರಿಯೇ ಹೋಗಿದ್ದರು.

ನಾನು ವಿಜ್ಞಾನ ಓದಿದವನು. ಪ್ರಯೋಗವೆಂದರೆ ಗೌರವವುಳ್ಳವನು. ಆದ್ದರಿಂದಲೇ ಈ ಪ್ರಕರಣವನ್ನು ನೀವು ಮರೆಯಬಾರದು ಎನ್ನುತ್ತೇನೆ. ಇಂದಿನ ತಿಳಿವಳಿಕೆಯಂತೆ ಉಗ್ಗಿಗೆ ಅನುವಂಶೀಯತೆಯೂ ಮಿದುಳಿನ ಕಾರ್ಯರೀತಿಯೂ ಮುಖ್ಯ ಕಾರಣಗಳು. ತಾಯಿತಂದೆಯರ ಮಾತು ಅದನ್ನು ಹುಟ್ಟಿಸುವುದಿಲ್ಲ. ಎಳವೆಯಲ್ಲಿ ಉಗ್ಗಲು ತೊಡಗಿದ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಮೀರಿ ಬೆಳೆಯುತ್ತಾರೆ. ವಯಸ್ಕರಲ್ಲಿ ಸುಮಾರು ಶೇಕಡ 1ರಷ್ಟು ಜನರಿಗೆ ಅದು ಉಳಿಯುತ್ತದೆ. ಆದರೆ ಗದರಿಕೆ, ಅಣಕ, ಅವಮಾನಗಳು ಮಗುವಿನ ಬಾಯಿ ಕಟ್ಟಿಸುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ.

ಅಮೆರಿಕದಲ್ಲಿ 1975ರ ಶಿಕ್ಷಣ ಕಾಯಿದೆ, ಅಂಗವೈಕಲ್ಯವುಳ್ಳ ಪ್ರತಿ ಮಗುವಿಗೂ ಅದರದೇ ಕಲಿಕೆಯ ಯೋಜನೆ ಬೇಕೆಂದು ವಿಧಿಸಿತು. ಆಗ ಶಾಲೆಯ ವಾಕ್ ಚಿಕಿತ್ಸೆ ಮಗುವಿನ ಹಕ್ಕಾಯಿತು.

ನಮ್ಮಲ್ಲಿ ಈ ವಿದ್ಯೆಗೆ ನೆಲೆ ಸಿಕ್ಕಿದ್ದು ಮೈಸೂರಿನಲ್ಲಿ. 1960ರ ದಶಕದ ನಡುವಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಾನಸಗಂಗೋತ್ರಿಯ ಮಗ್ಗುಲಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಪುಸ್ತಕಗಳು ಪಶ್ಚಿಮದಿಂದ ಬಂದವು, ಆದರೆ ಮಕ್ಕಳು ಕನ್ನಡದವರು. ಇಂಗ್ಲಿಷಿನ ಪರೀಕ್ಷೆಯಲ್ಲಿ ‘ಳ’ ಎಲ್ಲಿದೆ, ‘ಣ’ ಎಲ್ಲಿದೆ? ಹೀಗಾಗಿ ಕನ್ನಡಕ್ಕೆಂದೇ ಉಚ್ಚಾರಣಾ ಪರೀಕ್ಷೆ ಬೇಕಾಯಿತು. ಅದು 1972ರಲ್ಲಿ ಸಿದ್ಧವಾಯಿತು. ಆಡುನುಡಿಯಲ್ಲಿ ‘ಹಾಲು’ ‘ಆಲು’ ಆಗುವ ಸೀಮೆಯ ಮಗುವಿಗೆ ದೋಷವಿದೆ ಎನ್ನಲಾಗದು. ಅದು ಅವನ ಊರಿನ ನುಡಿ. ದೋಷ ಯಾವುದು, ದೇಸಿ ಯಾವುದು ಎಂದು ಬಿಡಿಸಿ ನೋಡಲು ಚಿಕಿತ್ಸಕರಿಗೆ ಕನ್ನಡ ಚೆನ್ನಾಗಿ ಗೊತ್ತಿರಬೇಕು.

1992ರ ಭಾರತೀಯ ಪುನರ್ವಸತಿ ಮಂಡಲಿ ಕಾಯಿದೆ ಈ ವೃತ್ತಿಗೆ ನೋಂದಣಿಯನ್ನು ತಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ವಾಕ್ ಮತ್ತು ಭಾಷಾ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿತು. ಕಾನೂನು ಬಂದಿದ್ದರೂ ಹಳ್ಳಿಯ ಶಾಲೆಯ ಮಗು ಚಿಕಿತ್ಸಕರ ಮುಖ ಕಾಣುವುದು ಈಗಲೂ ಅಪರೂಪ.

ಶಾಲೆಗೆ ಬರುವ ಚಿಕಿತ್ಸಕರು ಮಾಡುವುದೇನು? ಮೊದಲು ಮಗುವಿನ ಶ್ರವಣಶಕ್ತಿಯನ್ನು ನೋಡುತ್ತಾರೆ. ‘ದಡ್ಡ’ ಎನಿಸಿಕೊಂಡ ಎಷ್ಟೋ ಮಕ್ಕಳ ತೊಂದರೆ ಕಿವಿಯಲ್ಲಿರುತ್ತದೆ. ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ. ನಾಲಿಗೆ ಎಲ್ಲಿ ತಾಗಬೇಕೆಂದು ಕನ್ನಡಿ ಹಿಡಿದು ತೋರಿಸುತ್ತಾರೆ. ಉಗ್ಗುವವನಿಗೆ ಉಸಿರನ್ನು ಸಡಿಲಿಸಿ ಮೆಲ್ಲಗೆ ಪದ ಎತ್ತಿಕೊಳ್ಳುವುದನ್ನೂ, ಉಗ್ಗಿದರೂ ಅಂಜದೆ ಮುಂದುವರಿಯುವುದನ್ನೂ ಕಲಿಸುತ್ತಾರೆ. ಮಾತೇ ಬಾರದ ಮಗುವಿಗೆ ಚಿತ್ರಫಲಕದ ಮೂಲಕ ಬೇಕುಬೇಡಗಳನ್ನು ತಿಳಿಸಲು ಹೇಳಿಕೊಡುತ್ತಾರೆ. ಕೊನೆಗೆ ಮೇಷ್ಟ್ರೊಂದಿಗೆ ಕುಳಿತು ಮಾತಾಡುತ್ತಾರೆ. ಮಗು ವಾರಕ್ಕೆ ಅರ್ಧ ಗಂಟೆ ಚಿಕಿತ್ಸಕರ ಬಳಿ ಇದ್ದರೆ, ಉಳಿದ ಹೊತ್ತೆಲ್ಲ ತರಗತಿಯಲ್ಲೇ ಇರುತ್ತದಲ್ಲ!

ಒಂದು ತಪ್ಪೊಪ್ಪಿಗೆ ನನ್ನದೂ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿದ್ಯಾರ್ಥಿಗಳ ಚರ್ಚೆಯೊಂದನ್ನು ಧ್ವನಿಮುದ್ರಿಸಿಕೊಂಡಿದ್ದೆ. ಒಬ್ಬ ಹುಡುಗ ಬಹಳ ಉಗ್ಗಿದರೂ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳಿದ್ದ. ಸಮಯದ ಅಭಾವವೆಂದು ನೆಪ ಹೇಳಿಕೊಂಡು ಸಂಕಲನದಲ್ಲಿ ಆ ಭಾಗವನ್ನೇ ತೆಗೆದುಹಾಕಿದೆ. ಪ್ರಸಾರವಾದ ಮೇಲೆ ಅವನು ಫೋನು ಮಾಡಿ, “ಸಾರ್, ನಾನು ಬಂದಿದ್ನಲ್ಲ ಸಾರ್?” ಎಂದಷ್ಟೇ ಕೇಳಿದ. ಆ ವಾಕ್ಯ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನನ್ನಲ್ಲಿ ಉತ್ತರವಿರಲಿಲ್ಲ. ಹಾಜರಿ ಪುಸ್ತಕದ ಮೇಷ್ಟ್ರು ಮಾಡಿದ್ದನ್ನೇ ನಾನೂ ಮಾಡಿದ್ದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಗೆಳೆಯ ಉಗ್ಗಿದರೆ ಅವನ ಪದವನ್ನು ನೀವು ಮುಗಿಸಿಕೊಡಬೇಡಿ. ‘ನಿಧಾನವಾಗಿ ಹೇಳೋ’ ಎಂದು ಪದೇ ಪದೇ ತಿದ್ದಲೂಬೇಡಿ. ಮುಖ ನೋಡಿ, ಅವನು ಹೇಳಿ ಮುಗಿಸುವವರೆಗೆ ಕಾಯಿರಿ. ಯಾರಾದರೂ ನಕ್ಕರೆ ಅವರನ್ನು ಸುಮ್ಮನಾಗಿಸಿ. ಮನೆಯಲ್ಲಿ ತಮ್ಮನೋ ತಂಗಿಯೋ ಮಾತಿನಲ್ಲಿ ಹಿಂದುಳಿದಿದ್ದರೆ, ಬೆಳೆದಂತೆ ಸರಿಹೋದೀತೆಂದು ವರ್ಷಗಟ್ಟಲೆ ಕಾಯದೆ, ಮೊದಲು ಕಿವಿ ಪರೀಕ್ಷೆ ಮಾಡಿಸಲು ಹಿರಿಯರಿಗೆ ಹೇಳಿ. ನಿಮ್ಮಲ್ಲಿ ಯಾರಿಗಾದರೂ ವಿಜ್ಞಾನವೂ ಬೇಕು, ಭಾಷೆಯೂ ಬೇಕು, ಮಕ್ಕಳೆಂದರೆ ಇಷ್ಟ ಎನ್ನಿಸಿದರೆ, ಪಿ.ಯು.ಸಿ. ವಿಜ್ಞಾನದ ನಂತರ ವಾಕ್ ಶ್ರವಣ ಶಾಸ್ತ್ರದ ಪದವಿ ವ್ಯಾಸಂಗವಿದೆ. ನಮ್ಮ ಶಾಲೆಗಳಿಗೆ ನಿಮ್ಮಂಥವರ ಅಗತ್ಯ ಬಹಳವಿದೆ.