ಸ್ತಂಭ: ಒಂದು ರೋಗದ ಚರಿತ್ರೆ

ಭರತಮುನಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಸ್ತಂಭವನ್ನು. ಭಯದಿಂದಲೋ ಹರ್ಷದಿಂದಲೋ ವಿಸ್ಮಯದಿಂದಲೋ ಮೈ ಮರಗಟ್ಟಿ ನಿಲ್ಲುವ ಸ್ಥಿತಿ ಅದು. ಕಾವ್ಯಮೀಮಾಂಸೆಯ ತರಗತಿಗಳಲ್ಲಿ ಇದನ್ನು ನಾನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೆ 1986ರಲ್ಲಿ ಅಂಥದೇ ಒಂದು ತರಗತಿಯಲ್ಲಿ, ಎರಡನೆಯ ಸಾಲಿನ ಹುಡುಗನೊಬ್ಬ ಹಾಜರಿ ಕರೆದಾಗ ಓಗೊಡದೆ, ಲೇಖನಿ ಹಿಡಿದ ಕೈಯನ್ನು ಅರ್ಧಕ್ಕೆ ಎತ್ತಿಕೊಂಡೇ ಕುಳಿತಿದ್ದಾಗ ನನಗೆ ಕಂಡದ್ದು ಉದ್ಧಟತನ ಮಾತ್ರ. ಕಣ್ಣೆದುರಿಗೇ ಇದ್ದವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕಿದೆ. ವಾರದೊಳಗೆ ಅವನ ತಂದೆ ಬಂದು ಊರಿಗೆ ಕರೆದುಕೊಂಡು ಹೋದರು. ಆ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಕ್ಯಾಟಟೋನಿಯ ಎಂಬ ಹೆಸರುಂಟೆಂದು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಹೆಸರನ್ನಿಟ್ಟವನು ಕಾರ್ಲ್ ಲುಡ್ವಿಗ್ ಕಾಲ್‌ಬಾಮ್. ಜರ್ಮನಿಯ ಗೋರ್ಲಿಟ್ಸ್ ಪಟ್ಟಣದಲ್ಲಿ ಖಾಸಗಿ ಆಸ್ಪತ್ರೆಯೊಂದನ್ನು ನಡೆಸುತ್ತಿದ್ದ ಆತ 1874ರಲ್ಲಿ ಈ ರೋಗವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಮಾತು ನಿಂತವರು, ಅನ್ನ ನೀರು ಮುಟ್ಟದವರು, ಎತ್ತಿ ಬಿಟ್ಟ ಕೈಯನ್ನು ಮೇಣದ ಬೊಂಬೆಯಂತೆ ಹಾಗೆಯೇ ಹಿಡಿದವರು ಅಲ್ಲಿ ಬರುತ್ತಾರೆ. ಬುದ್ಧಿಭ್ರಮಣೆಯೂ ಅಂಗಾಂಗಗಳ ಸೋಲೂ ಕೂಡಿಬರುವ, ಆ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ತುಂಬಿದ್ದ ಮತ್ತೊಂದು ರೋಗಕ್ಕೆ ಕಾಲ್‌ಬಾಮ್ ಇದನ್ನು ಹೋಲಿಸಿದ. ಆ ಮತ್ತೊಂದು ರೋಗ ಸಿಫಿಲಿಸ್ಸಿನ ಫಲವೆಂಬುದರಲ್ಲಿ, 1913ರಲ್ಲಿ ಅದರ ಜೀವಾಣು ಮಿದುಳಿನೊಳಗೇ ಸಿಕ್ಕಿದ ಮೇಲೆ, ಸಂಶಯ ಉಳಿಯಲಿಲ್ಲ. ಹೋಲಿಕೆಯಲ್ಲಿ ಒಂದು ದೂರದೃಷ್ಟಿಯಿತ್ತು. ಆದರೆ ಎಮಿಲ್ ಕ್ರೇಪೆಲಿನ್ ತನ್ನ ಮಹಾ ವರ್ಗೀಕರಣದಲ್ಲಿ ಕ್ಯಾಟಟೋನಿಯವನ್ನು, ಮುಂದೆ ಸ್ಕಿಜೋಫ್ರೇನಿಯ ಎನಿಸಿಕೊಂಡ ರೋಗದ ಒಂದು ಕವಲಾಗಿ ಸೇರಿಸಿಬಿಟ್ಟ. ಪಾಠ ಪುಸ್ತಕಗಳ ವರ್ಗೀಕರಣ ಎಷ್ಟು ಬಲಶಾಲಿಯೆಂಬುದು ನನ್ನಂಥ ಮೇಷ್ಟರಿಗೆ ಚೆನ್ನಾಗಿ ಗೊತ್ತು. ಸೆಟೆದು ನಿಂತವರಿಗೆಲ್ಲ ಅದೇ ಹಣೆಪಟ್ಟಿ ಬಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ ಆ ಕವಲನ್ನು ಕೈಬಿಟ್ಟದ್ದು 2013ರಲ್ಲಿ.

ನಡುವೆ ಎಚ್ಚರಿಕೆಗಳು ಬಾರದೆ ಇರಲಿಲ್ಲ. 1917ರಲ್ಲಿ ವಿಯೆನ್ನಾದ ಕಾನ್‌ಸ್ಟಾಂಟಿನ್ ಫಾನ್ ಎಕಾನೊಮೊ ಮಿದುಳಿನ ಉರಿಯೂತದ ಒಂದು ಸಾಂಕ್ರಾಮಿಕವನ್ನು ವರ್ಣಿಸಿದ. ಅದರಿಂದ ಬದುಕಿ ಉಳಿದವರಲ್ಲಿ ಅನೇಕರು ದಶಕಗಳ ಕಾಲ ಪ್ರತಿಮೆಗಳಂತೆ ಕುಳಿತರು. ಅವರಲ್ಲಿ ಕೆಲವರನ್ನು 1969ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಎಲ್-ಡೋಪಾ ಎಂಬ ಔಷಧದಿಂದ ಎಬ್ಬಿಸಿದ ಕಥೆಯನ್ನು ಆಲಿವರ್ ಸ್ಯಾಕ್ಸ್ ಬರೆದಿದ್ದಾರೆ. ಸೆಟೆತಕ್ಕೆ ಉರಿಯೂತವೂ ಕಾರಣವಾಗಬಲ್ಲದೆಂದು ಅಂದೇ ಗೊತ್ತಿತ್ತು. ಉರಿಯನ್ನು ಹಚ್ಚುವ ಕೈ ಯಾರದೆಂಬುದು ಗೊತ್ತಿರಲಿಲ್ಲ.

ಒಂದು ಉತ್ತರ ದೊರೆತದ್ದು 2007ರಲ್ಲಿ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಸ್ಪೇನ್ ದೇಶದ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು 12 ಮಂದಿ ಸ್ತ್ರೀಯರ ವೃತ್ತಾಂತ ಪ್ರಕಟಿಸಿದರು. ಮೊದಲು ಮನೋವಿಕಾರ, ಅನಂತರ ಸೆಳವು, ಜಡತೆ. ಹನ್ನೊಂದು ಮಂದಿಯ ಅಂಡಾಶಯದಲ್ಲಿ ಟೆರಟೋಮ ಎಂಬ ಗಡ್ಡೆ ಇತ್ತು. ಈ ಗಡ್ಡೆ ವಿಚಿತ್ರವಾದದ್ದು. ಅದರೊಳಗೆ ಕೂದಲು, ಹಲ್ಲು, ನರದ ಅಂಗಾಂಶ ಕೂಡ ಬೆಳೆಯುವುದುಂಟು. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಈ ಅಸ್ಥಾನದ ನರವನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಸಿದ್ಧಮಾಡುತ್ತದೆ. ಅದೇ ಪ್ರತಿಕಾಯಗಳು ಮಿದುಳಿನ ಎನ್‌ಎಂಡಿಎ ಗ್ರಾಹಕಗಳಿಗೆ ಅಂಟಿಕೊಂಡು, ಅವುಗಳನ್ನು ನರಕೋಶದ ಮೇಲ್ಮೈಯಿಂದ ಒಳಕ್ಕೆ ಸೆಳೆದುಬಿಡುತ್ತವೆ. ಕಾವಲುಗಾರನೇ ಮನೆಯೊಡೆಯನನ್ನು ಕಟ್ಟಿಹಾಕಿದಂತೆ. ಸಂತೋಷದ ಮಾತೆಂದರೆ, ಪ್ರತಿಕಾಯ ಇಳಿದಂತೆ ಗ್ರಾಹಕಗಳು ಮರಳಿ ಮೇಲೆ ಬರುತ್ತವೆ. ಗಡ್ಡೆ ಇದ್ದರೆ ತೆಗೆದು, ಸ್ಟೀರಾಯ್ಡ್ ಮೊದಲಾದವುಗಳಿಂದ ನಿರೋಧಶಕ್ತಿಯ ಅತಿರೇಕವನ್ನು ತಗ್ಗಿಸಿದರೆ, ಐವರಲ್ಲಿ ಸುಮಾರು ನಾಲ್ವರು ಎರಡು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆಂದು 2013ರ ಒಂದು ದೊಡ್ಡ ಅಧ್ಯಯನ ತೋರಿಸಿತು.

ಗಡ್ಡೆಯಿಲ್ಲದೆಯೂ ಈ ರೋಗ ಬರುತ್ತದೆ. 2009ರಲ್ಲಿ ನ್ಯೂಯಾರ್ಕಿನ ತರುಣ ಪತ್ರಕರ್ತೆ ಸುಸಾನ ಕ್ಯಾಹಲನ್ ಹೀಗೆಯೇ ಮಾತು ಕಳೆದುಕೊಂಡಳು. ವೈದ್ಯ ಸುಹೇಲ್ ನಜ್ಜಾರ್ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಅವಳು ಅಂಕಿಗಳನ್ನೆಲ್ಲ ಬಲಗಡೆಯ ಅರ್ಧದಲ್ಲೇ ತುರುಕಿ ಎಡಗಡೆಯನ್ನು ಖಾಲಿ ಬಿಟ್ಟಳು. ಮಿದುಳಿನ ಒಂದು ಭಾಗದಲ್ಲಿ ಉರಿಯೂತವಿದೆಯೆಂದು ಆತ ಗ್ರಹಿಸಿದ್ದು ಅದರಿಂದ. ಚಿಕಿತ್ಸೆಯಿಂದ ಗುಣವಾದ ಆಕೆ 2012ರಲ್ಲಿ ತನ್ನ ಕಥೆಯನ್ನು ತಾನೇ ಬರೆದಳು.

ಎಲ್ಲ ಸ್ತಂಭಕ್ಕೂ ಇದೇ ಕಾರಣವೆಂದು ಭಾವಿಸಬಾರದು. ತೀವ್ರ ಖಿನ್ನತೆಯೂ ಇತರ ಮನೋರೋಗಗಳೂ ಇದನ್ನು ತರುತ್ತವೆ. ಲೊರಾಜೆಪಾಮ್ ಎಂಬ ಸಾಮಾನ್ಯ ಔಷಧದಿಂದಲೇ ಗಂಟೆಗಳಲ್ಲಿ ಮಾತಾಡಿದವರಿದ್ದಾರೆ.

ಆ ಹುಡುಗನದು ಯಾವುದಾಗಿತ್ತೋ. 1986ರಲ್ಲಿ ಜಗತ್ತಿನ ಯಾವ ವೈದ್ಯನೂ ಅವನ ಬೆನ್ನುಹುರಿಯ ದ್ರವದಲ್ಲಿ ಈ ಪ್ರತಿಕಾಯವನ್ನು ಹುಡುಕುವಂತಿರಲಿಲ್ಲ; ಅದಿನ್ನೂ ಪತ್ತೆಯೇ ಆಗಿರಲಿಲ್ಲ. ಅವನಿಗೆ ಮಾತು ಮರಳಿತೆಂದು ಮುಂದೊಮ್ಮೆ ಯಾರೋ ಹೇಳಿದರು. ಆ ವರ್ಷದ ಪರೀಕ್ಷೆಗೆ ಅವನು ಕೂಡಲಾಗಲಿಲ್ಲ. ಹಾಜರಿಯ ಕೊರತೆಯೆಂದು ಪಟ್ಟಿ ಹೋಯಿತು. ಕೆಳಗೆ ಸಹಿ ಮಾಡಿದವನು ನಾನೇ.